ಗೋಡೆ ನೋಡಬೇಡಿ, ಹಿಮ್ಮಡಿ ನೋಡಿ

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಪ್ರಶ್ನೆ: ನನ್ನ ಅಮ್ಮನಿಗೆ 81 ವರ್ಷ. ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ತಾವಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. ನಾವು ಹೇಳಿದ್ದು ಅರ್ಥವಾಗುತ್ತದೆ, ಆದರೆ ಮಾತು ತೊದಲುತ್ತದೆ. ನಾನೂ ತಮ್ಮನೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ನೋಡಿಕೊಳ್ಳಲು ಇನ್ನು ಆಗುವುದಿಲ್ಲ ಅನ್ನಿಸಿ ಎರಡು ನರ್ಸಿಂಗ್ ಹೋಮ್ ನೋಡಿ ಬಂದೆವು. ಒಂದು ಹೊಸದು. ತೋಟ ಇದೆ, ಪ್ರತಿ ಕೋಣೆಗೂ ಟಿವಿ ಇದೆ. ಇನ್ನೊಂದು ಹಳೇ ಕಟ್ಟಡ. ಅಲ್ಲಿನ ಆಯಾಗಳಿಗೆ ನಮ್ಮ ಜೊತೆ ಮಾತಾಡಲೂ ಬಿಡುವಿರಲಿಲ್ಲ. ತಮ್ಮನಿಗೆ ಹೊಸದೇ ಇಷ್ಟ. ಯಾವುದು ಸುರಕ್ಷಿತ ಅಂತ ಹೇಗೆ ತಿಳಿಯುವುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಸಾಲಿನ ಮೇಲೆ. ಅಮ್ಮನಿಗೆ ತಾವಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಹಾಗಾದರೆ ತೋಟ, ಟಿವಿ ಎಲ್ಲ ಪಕ್ಕಕ್ಕಿಡಿ. ಅವರನ್ನು ಹೊತ್ತು ಹೊತ್ತಿಗೆ ಹೊರಳಿಸುವ ಕೈಗಳು ಎಷ್ಟಿವೆ? ರಾತ್ರಿ ಎಷ್ಟಿರುತ್ತವೆ? ನಾನು ಹಾಸಿಗೆ ಹಿಡಿದ ಹಿರಿಯರ ವಾರ್ಡುಗಳಲ್ಲೇ ನರ್ಸಾಗಿ ದುಡಿದವಳು. ಒಂದು ಜಾಗ ಒಳ್ಳೆಯದಾ ಅಲ್ವಾ ಅನ್ನುವುದನ್ನು ಈಗಲೂ ಇದರಿಂದಲೇ ಅಳೆಯುತ್ತೇನೆ.

ಮಲಗಿದಲ್ಲೇ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹಾಸಿಗೆ ಹುಣ್ಣು ಶುರುವಾಗಬಹುದು. ಮೊದಲು ಬರೀ ಕೆಂಪು ಕಾಣುತ್ತದೆ. ಸಾಮಾನ್ಯ ಕೆಂಪಾದರೆ ಬೆರಳಿಂದ ಒತ್ತಿದಾಗ ಬಿಳಚಿಕೊಂಡು, ಬಿಟ್ಟ ಮೇಲೆ ಮತ್ತೆ ಕೆಂಪಾಗುತ್ತದೆ. ಹುಣ್ಣಿನ ಕೆಂಪು ಒತ್ತಿದರೂ ಬಿಳಚಿಕೊಳ್ಳುವುದಿಲ್ಲ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಈ ಕೆಂಪು ಕಣ್ಣಿಗೆ ಬೀಳುವುದು ಕಷ್ಟ. ಆ ಜಾಗ ನೇರಳೆಗೆ ತಿರುಗಿದೆಯಾ, ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ನೋಡಬೇಕು. ಬೆನ್ನಿನ ಕೊನೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಇವೇ ಮುಖ್ಯ ಜಾಗಗಳು. ಬೆನ್ನನ್ನು ಎಲ್ಲರೂ ನೋಡುತ್ತಾರೆ. ಹೊದಿಕೆಯ ತುದಿಯಲ್ಲಿ ಮುಚ್ಚಿಹೋಗುವ ಹಿಮ್ಮಡಿಯನ್ನು ನೋಡುವವರು ಕಡಿಮೆ. ಹಿಮ್ಮಡಿ ಚೆನ್ನಾಗಿದ್ದರೆ ಅಲ್ಲಿ ಯಾರೋ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದಾರೆ ಅಂತ ನಾನು ನಂಬುತ್ತೇನೆ.

ಅಮ್ಮ ಸೇರುವ ಮೊದಲು ಬೇರೆಯವರ ಹಿಮ್ಮಡಿ ನೋಡಲು ನಿಮಗೆ ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಕೇಳಬಹುದು. ‘ಈಗ ನಿಮ್ಮಲ್ಲಿ ಎಷ್ಟು ಜನಕ್ಕೆ ಹಾಸಿಗೆ ಹುಣ್ಣಿದೆ? ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದವು ಎಷ್ಟು?’ ಅಂತ ಕೇಳಿ. ‘ನಮ್ಮಲ್ಲಿ ಯಾವತ್ತೂ ಆಗಿಯೇ ಇಲ್ಲ’ ಅನ್ನುವವರಿಗಿಂತ, ‘ಇಬ್ಬರು ಆಸ್ಪತ್ರೆಯಿಂದ ಬರುವಾಗಲೇ ಹುಣ್ಣು ತಂದರು, ಒಬ್ಬರಿಗೆ ಇಲ್ಲೇ ಆಯಿತು, ಈಗ ಮಾಯುತ್ತಿದೆ’ ಅನ್ನುವ ಮೇಟ್ರನ್ ಮೇಲೆ ನನಗೆ ಭರವಸೆ ಜಾಸ್ತಿ. ಅವರು ಎಣಿಸುತ್ತಿದ್ದಾರೆ ಅಂತ ಅರ್ಥ.

ಆಮೇಲೆ ಮಗ್ಗುಲು ಬದಲಿಸುವ ಚಾರ್ಟ್ ಕೇಳಿ. ಹೆಸರು ಮುಚ್ಚಿ ತೋರಿಸಿದರೆ ಸಾಕು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಅನ್ನುತ್ತಾರೆ. ಒಬ್ಬೊಬ್ಬರ ಚರ್ಮ ನೋಡಿ ಇದು ಹೆಚ್ಚು ಕಡಿಮೆ ಆಗಬಹುದು. ನೀವು ನೋಡಬೇಕಾದ್ದು ಆ ಹಾಳೆ ತುಂಬಿಸಿದ ರೀತಿ. ಬೆಳಿಗ್ಗೆ 11ಕ್ಕೆ ಹೋದಾಗ ಸಂಜೆ 6ರವರೆಗಿನ ಸಹಿ ಆಗಲೇ ಬಿದ್ದಿದ್ದರೆ, ಇಡೀ ವಾರದ ಬರಹ ಒಂದೇ ಪೆನ್ನು, ಒಂದೇ ಕೈಯದ್ದಾಗಿದ್ದರೆ, ಅದು ತಪಾಸಣೆಯವರಿಗಾಗಿ ಬರೆದ ಹಾಳೆ. ‘ನಮ್ಮಲ್ಲಿ ಗಾಳಿ ಹಾಸಿಗೆ ಇದೆ, ತಿರುಗಿಸುವುದೇ ಬೇಡ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಳಿ ಹಾಸಿಗೆ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೇ. ಹೊರಳಿಸುವ ಕೆಲಸ ಆಗಲೂ ಉಳಿಯುತ್ತದೆ.

ಇನ್ನು ಸಿಬ್ಬಂದಿ. ‘ಒಟ್ಟು ಎಷ್ಟು ಜನ ಇದ್ದೀರಿ?’ ಅನ್ನುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅಡುಗೆಯವರು, ಕಚೇರಿಯವರು, ಮೂರು ಶಿಫ್ಟಿನವರು, ರಜೆಯಲ್ಲಿರುವವರು ಎಲ್ಲರನ್ನೂ ಸೇರಿಸಿ ಒಂದು ದೊಡ್ಡ ಸಂಖ್ಯೆ ಹೇಳುತ್ತಾರೆ. ಹೀಗೆ ಕೇಳಿ: ‘ಇವತ್ತು ರಾತ್ರಿ 2 ಗಂಟೆಗೆ ಈ ಮಹಡಿಯಲ್ಲಿ ಎಷ್ಟು ಹಾಸಿಗೆಗೆ ಎಷ್ಟು ಜನ ಎಚ್ಚರ ಇರುತ್ತೀರಿ? ಅವರಲ್ಲಿ ತರಬೇತಿ ಪಡೆದ ನರ್ಸ್ ಯಾರು?’ ನಿಮ್ಮ ಅಮ್ಮನಂಥವರನ್ನು ಚರ್ಮ ಉಜ್ಜದ ಹಾಗೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಒಬ್ಬರೇ ಇದ್ದರೆ ಎಳೆಯುತ್ತಾರೆ. ಎಳೆದರೆ ಚರ್ಮ ಕಿತ್ತು ಬರುತ್ತದೆ. ಮಹಡಿಗೆ ಒಬ್ಬರೇ ಇರುವ ಕಡೆ ರಾತ್ರಿ ಬೆಂಕಿ ಬಿದ್ದರೆ ಹಾಸಿಗೆ ಹಿಡಿದವರನ್ನು ಹೊರಗೆ ತರುವವರು ಯಾರು? ರಾತ್ರಿ ಪಾಳಿಯವರಿಗೇ ಬೆಂಕಿಯ ತಾಲೀಮು ಮಾಡಿಸಿದ್ದಾರಾ ಅಂತ ಕೇಳಲು ಸಂಕೋಚ ಬೇಡ.

ಆಯಾಗಳನ್ನು ನೇರವಾಗಿ ಮಾತಾಡಿಸಿ. ‘ಎಷ್ಟು ವರ್ಷದಿಂದ ಇಲ್ಲಿದ್ದೀರಿ?’ ಅಂತ ಸುಮ್ನೆ ಕೇಳಿದರೂ ಸಾಕು. ಎಲ್ಲರೂ ಹೊಸಬರಾಗಿದ್ದರೆ ಯೋಚಿಸಬೇಕು. ನಿಮ್ಮ ಅಮ್ಮನಿಗೆ ಮಾತು ತೊದಲುತ್ತದೆ. ದಿನಾ ಅದೇ ಆಯಾ ಬಂದರೆ ಮಾತ್ರ ‘ಇವತ್ತು ಇವರ ಮುಖ ಬೇರೆ ಥರ ಇದೆ, ಊಟ ಅರ್ಧಕ್ಕೇ ಬಿಟ್ಟರು’ ಅಂತ ಗೊತ್ತಾಗುತ್ತದೆ. ಜ್ವರ, ಮೂತ್ರದ ಸೋಂಕು, ಇನ್ನೊಂದು ಪಾರ್ಶ್ವವಾಯು, ಇವನ್ನೆಲ್ಲ ಮೊದಲು ಹಿಡಿಯುವುದು ಎಷ್ಟೋ ಸಲ ಆಯಾಗಳೇ. ಅವರಿಗೆ ಸಿಗುವ ಗೌರವ ಕಡಿಮೆ ಅನ್ನುವುದು ನನ್ನ ಬಹಳ ದಿನದ ನೋವು.

ಹಳೇ ಕಟ್ಟಡದಲ್ಲಿ ಆಯಾಗಳಿಗೆ ಮಾತಾಡಲೂ ಬಿಡುವಿರಲಿಲ್ಲ ಅಂದಿರಿ. ಅದು ಒಳ್ಳೆಯ ಲಕ್ಷಣವೂ ಆಗಬಹುದು, ಜನ ಸಾಲದ ಲಕ್ಷಣವೂ ಆಗಬಹುದು. ಊಟದ ಹೊತ್ತಿಗೆ ಹೋಗಿ ಒಂದು ಗಂಟೆ ಕೂತರೆ ಗೊತ್ತಾಗುತ್ತದೆ. ಊಟ ಮಾಡಿಸುವವರು ಪಕ್ಕದಲ್ಲಿ ಕೂತು, ಮುಖ ನೋಡುತ್ತಾ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡುತ್ತಿದ್ದಾರಾ? ಅಥವಾ ನಿಂತುಕೊಂಡು ತುರುಕುತ್ತಿದ್ದಾರಾ? ಪಾರ್ಶ್ವವಾಯು ಆದವರಲ್ಲಿ ನುಂಗುವ ಶಕ್ತಿ ಕುಂದಿರುವುದು ಸಾಮಾನ್ಯ. ಅವಸರ ಮಾಡಿದರೆ ಅನ್ನನಾಳದ ಬದಲು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ ತಿನ್ನಿಸಬೇಕು. ತಿಂದ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಿರಬೇಕು. ಸೇರಿಸಿಕೊಳ್ಳುವಾಗ ನುಂಗುವ ಪರೀಕ್ಷೆ ಮಾಡಿಸುತ್ತೀರಾ ಅಂತ ವಿಚಾರಿಸಿ.

ತೂಕದ ಬಗ್ಗೆಯೂ ಕೇಳಿ. ತಿಂಗಳಿಗೊಮ್ಮೆಯಾದರೂ ನೋಡಿ ಬರೆಯಬೇಕು. ಒಂದು ತಿಂಗಳಲ್ಲಿ ಶೇ. 5, ಅಥವಾ ಆರು ತಿಂಗಳಲ್ಲಿ ಶೇ. 10 ಇಳಿದರೆ ಅದು ಗಂಭೀರ. 50 ಕೆಜಿ ಇದ್ದವರು ಒಂದು ತಿಂಗಳಲ್ಲಿ ಎರಡೂವರೆ ಕೆಜಿ ಇಳಿದರೆ ‘ವಯಸ್ಸಾಯಿತು, ಹಾಗೇ’ ಅಂದು ಬಿಡುವಂತಿಲ್ಲ. ಡಾಕ್ಟರ್ ನೋಡಬೇಕು.

ಒಂದು ಸಣ್ಣ ವಿಷಯ, ಆದರೆ ನನಗೆ ದೊಡ್ಡದು. ಹಾಸಿಗೆ ಪಕ್ಕ ನೀರು, ಬೆಲ್ ಎಲ್ಲಿದೆ ನೋಡಿ. ನಿಮ್ಮ ಅಮ್ಮನಿಗೆ ಬಲಗೈ ಮಾತ್ರ ಆಡುತ್ತದೆ. ಎರಡೂ ಎಡಗಡೆ ಇದ್ದರೆ ಅವು ಇದ್ದೂ ಇಲ್ಲದ ಹಾಗೆ. ಯಾರಾದರೂ ಬೆಲ್ ಒತ್ತಿದಾಗ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದನ್ನೂ ಗಮನಿಸಿ. ವಾಸನೆ ಒಂದು ಕೋಣೆಯಲ್ಲಿ ಒಂದು ಗಳಿಗೆ ಬಂದರೆ ಅದು ಸಹಜ. ಇಡೀ ಕಟ್ಟಡದಲ್ಲಿ, ದಿನವಿಡೀ ಇದ್ದರೆ ಡೈಪರ್ ಬದಲಿಸುತ್ತಿಲ್ಲ. ಸ್ನಾನದ ನೀರಿನ ಬಿಸಿಗೆ ಏನು ಕ್ರಮ ಇದೆ ಅಂತಲೂ ಕೇಳಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸ್ವಾಧೀನವಿಲ್ಲದ ಕಾಲಿಗೆ ಉರಿ ತಿಳಿಯದೇ ಇರಬಹುದು. ಪರವಾನಗಿ, ಕೊನೆಯ ತಪಾಸಣಾ ವರದಿ ಇದ್ದರೆ ಓದಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ.

ತಮ್ಮನನ್ನು ಕರೆದುಕೊಂಡು ಎರಡೂ ಕಡೆ ಇನ್ನೊಮ್ಮೆ ಹೋಗಿ. ಹೇಳದೇ ಹೋಗಿ. ಸಂಜೆ 7ರ ಮೇಲೆ, ಅಥವಾ ರಜಾದಿನ. ಚಾರ್ಟ್ ತೋರಿಸಲು ಹಿಂದೆಮುಂದೆ ನೋಡದ ಜಾಗವೇ ನನ್ನ ಆಯ್ಕೆ, ಅದು ಹೊಸದೇ ಇರಲಿ, ಹಳೆಯದೇ ಇರಲಿ.

ಪ್ರಶ್ನೆ: ನನ್ನ ಮಾವನವರಿಗೆ ಮರೆವಿನ ಕಾಯಿಲೆ. ನರ್ಸಿಂಗ್ ಹೋಮ್‌ಗೆ ಸೇರಿಸಿದಾಗ ರಾತ್ರಿಯೆಲ್ಲ ಕೂಗುತ್ತಿದ್ದರು. ಈಗ ಯಾವಾಗ ಹೋದರೂ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಸೊಂಟಕ್ಕೆ ಬೆಲ್ಟ್ ಹಾಕಿರುತ್ತಾರೆ. ‘ಈಗ ಹೊಂದಿಕೊಂಡಿದ್ದಾರೆ, ಬೆಲ್ಟ್ ಬೀಳದಿರಲಿ ಅಂತ’ ಅನ್ನುತ್ತಾರೆ. ಇದು ಸರಿಯಾ?

ಉತ್ತರ: ಹೊಂದಿಕೊಂಡವರು ಎಚ್ಚರವಾಗಿರುತ್ತಾರೆ. ಇವತ್ತೇ ಔಷಧಿ ಪಟ್ಟಿ ಕೇಳಿ. ಪ್ರತಿ ಮಾತ್ರೆಯ ಹೆಸರು, ಪ್ರಮಾಣ, ಯಾವ ಡಾಕ್ಟರ್ ಬರೆದರು, ಯಾವಾಗಿನಿಂದ, ಯಾತಕ್ಕೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್, ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ಇವು ಮನೋರೋಗಕ್ಕೆ ಕೊಡುವ, ತೂಕಡಿಕೆ ತರಬಲ್ಲ ಔಷಧಿಗಳು. ಮರೆವಿನ ಕಾಯಿಲೆಯ ಹಿರಿಯರಲ್ಲಿ ಇವುಗಳ ಪೈಕಿ ಹೊಸ ಪೀಳಿಗೆಯ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತು. 2008ರಲ್ಲಿ ಅದೇ ಎಚ್ಚರಿಕೆಯನ್ನು ಹ್ಯಾಲೊಪೆರಿಡಾಲ್‌ನಂಥ ಹಳೇ ಔಷಧಿಗಳಿಗೂ ಹಾಕಿತು. ಇವನ್ನು ಕೊಡಲೇಬಾರದು ಅಂತಲ್ಲ. ಬೇರೆ ದಾರಿಗಳು ಫಲ ಕೊಡದೆ, ಅವರಿಗೋ ಸುತ್ತಲಿನವರಿಗೋ ಅಪಾಯ ಇದ್ದಾಗ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ ಕೊಡುತ್ತಾರೆ. ರಾತ್ರಿ ಪಾಳಿಗೆ ಜನ ಸಾಲದ್ದಕ್ಕೆ ಕೊಟ್ಟರೆ ಅದು ಅನ್ಯಾಯ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಜೊತೆ ಕೂತು ಮಾತಾಡಿ.

ತೂಕಡಿಕೆಗೆ ಬೇರೆ ಕಾರಣವೂ ಇರಬಹುದು. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಸಕ್ಕರೆ ಏರುಪೇರು. ಹಾಗಾಗಿ ಡಾಕ್ಟರ್ ಅವರ ಮೈ ಮುಟ್ಟಿ ಪರೀಕ್ಷೆ ಮಾಡಲೇಬೇಕು. ಮೊದಲಿನ ಕೂಗಾಟಕ್ಕೂ ಕಾರಣ ಇದ್ದಿರಬೇಕು. ಹಲ್ಲುನೋವು, ಮಲಬದ್ಧತೆ, ಮೂತ್ರ ಕಟ್ಟಿರುವುದು, ಹೊಸ ಜಾಗದ ಭಯ. ಹೇಳಲು ಮಾತು ಸಿಗದವರು ಕೂಗುತ್ತಾರೆ.

ಬೆಲ್ಟ್ ನನಗೆ ಒಪ್ಪಿಗೆಯಿಲ್ಲ. ಕಟ್ಟಿದವರು ಬಿಡಿಸಿಕೊಳ್ಳಲು ಕೆಳಗೆ ಜಾರುತ್ತಾರೆ. ಆಗ ಬೆಲ್ಟ್ ಎದೆಗೋ ಕುತ್ತಿಗೆಗೋ ಸಿಕ್ಕಿ ಉಸಿರು ಕಟ್ಟಿದ್ದುಂಟು. ನಡೆಯದೆ ಕಾಲಿನ ಶಕ್ತಿಯೂ ಹೋಗಿ, ಬಿಚ್ಚಿದ ದಿನ ಬೀಳುವ ಅಪಾಯ ಇನ್ನೂ ಜಾಸ್ತಿ. ಮಂಚದ ಕಂಬಿಯೂ ಹಾಗೇ. ಗೊಂದಲದಲ್ಲಿರುವವರು ಅದನ್ನು ಹತ್ತಿ ಇಳಿಯಲು ನೋಡಿ, ಇನ್ನೂ ಎತ್ತರದಿಂದ ಬೀಳುತ್ತಾರೆ. ತಗ್ಗಿನ ಮಂಚ, ಪಕ್ಕದಲ್ಲಿ ಮೆತ್ತನೆ ಚಾಪೆ, ರಾತ್ರಿ ಸಣ್ಣ ದೀಪ, ಜಾರದ ಚಪ್ಪಲಿ, ಹೊತ್ತಿಗೆ ಸರಿಯಾಗಿ ಶೌಚಾಲಯಕ್ಕೆ ಕರೆದುಕೊಂಡು ಹೋಗುವುದು, ಇವನ್ನು ಕೇಳಿ ಪಡೆಯಿರಿ. ಮಲಗಿದ್ದಾಗ ಮತ್ತು ಎದ್ದು ನಿಂತ ಮೇಲೆ ಬಿಪಿ ನೋಡಲು ಹೇಳಿ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಬೀಳುವುದಕ್ಕೆ ಅದೇ ಕಾರಣ ಇರಬಹುದು.

ಪ್ರಶ್ನೆ: ಅಜ್ಜಿಯ ತೋಳಿನ ಮೇಲೆ ನೀಲಿ ಗುರುತು ಕಂಡಿತು. ದೂರು ಕೊಟ್ಟರೆ ಅವರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೇನೋ ಅಂತ ಭಯ.

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೂ ಸುಮ್ಮನಿರಬೇಡಿ. ವಯಸ್ಸಾದವರ ಚರ್ಮ ತೆಳು, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಸ್ವಲ್ಪ ತಾಗಿದರೂ ನೀಲಿಯಾಗುತ್ತದೆ. ಆದರೆ ಮೇಲ್ತೋಳಿನ ಮೇಲೆ ಬೆರಳಚ್ಚಿನ ಹಾಗೆ ಸಾಲಾಗಿ ಗುರುತಿದ್ದರೆ, ಕಾರಣ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರೆ, ಯಾರೋ ಒಬ್ಬರು ಬಂದಾಗ ಅಜ್ಜಿ ಮುದುಡಿಕೊಂಡರೆ, ನಿಮ್ಮನ್ನು ಅಜ್ಜಿಯ ಜೊತೆ ಒಬ್ಬರೇ ಇರಲು ಬಿಡದಿದ್ದರೆ, ಅದು ಬೇರೆ ವಿಷಯ. ಅಜ್ಜಿಯನ್ನು ಕೇಳಿ, ಒಪ್ಪಿದರೆ ದಿನಾಂಕ ಕಾಣುವ ಹಾಗೆ ಫೋಟೋ ತೆಗೆಯಿರಿ. ಅದೇ ದಿನ ಹೊರಗಿನ ಡಾಕ್ಟರ್ ಹತ್ತಿರ ತೋರಿಸಿ, ಬರಹದಲ್ಲಿ ಪಡೆಯಿರಿ. ದೂರನ್ನು ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಪರವಾನಗಿ ಕೊಡುವ ಇಲಾಖೆಗೂ ಒಂದು ಪ್ರತಿ ಕಳಿಸಿ. ಹೊಡೆದಿದ್ದಾರೆ ಅನ್ನುವ ಅನುಮಾನ ಗಟ್ಟಿಯಾದರೆ ನೇರ ಪೊಲೀಸರ ಹತ್ತಿರ ಹೋಗಿ, ಅಜ್ಜಿಯನ್ನು ಆ ರಾತ್ರಿ ಅಲ್ಲಿ ಬಿಡಬೇಡಿ.

ದೂರು ಕೊಟ್ಟ ಮೇಲೆ ದಿನಾ ಯಾರಾದರೊಬ್ಬರು ಹೋಗುತ್ತಿರಿ. ಒಮ್ಮೆ ನೀವು, ಒಮ್ಮೆ ಚಿಕ್ಕಪ್ಪ, ಒಮ್ಮೆ ಅಜ್ಜಿಯ ಗೆಳತಿ, ಬೇರೆ ಬೇರೆ ಹೊತ್ತಿಗೆ. ಯಾವ ಹೊತ್ತಿಗೆ ಯಾರು ಬರುತ್ತಾರೋ ಗೊತ್ತಿಲ್ಲ ಅನ್ನುವ ಹಾಸಿಗೆಯ ಹತ್ತಿರ ಕೈ ಮಾಡಲು ಹೆದರುತ್ತಾರೆ.