‘ನಂಬುತ್ತೀರಾ?’ ಎಂದು ಕೇಳಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ?

ಪ್ರಶ್ನೆ: ನಾನು ಸಮುದಾಯ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಸಕ್ಕರೆ ಕಾಯಿಲೆ ಇರುವವರಿಗೆ ಮೊಬೈಲ್ ಮೂಲಕ ಮಾಹಿತಿ ಕೊಡುವ ಒಂದು ಸೇವೆಯ ಮೇಲೆ ಬಳಕೆದಾರರಿಗೆ ಎಷ್ಟು ನಂಬಿಕೆ ಇದೆ ಎಂದು ಅಳೆಯುತ್ತಿದ್ದೇನೆ. ‘ಈ ಸೇವೆಯನ್ನು ನಂಬುತ್ತೀರಾ?’ ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಐದಕ್ಕೆ ಐದು ಅಂಕ ಕೊಟ್ಟಿದ್ದಾರೆ. ಮಾರ್ಗದರ್ಶಕರು ಒಪ್ಪುತ್ತಿಲ್ಲ. ತಪ್ಪು ಎಲ್ಲಾಗಿದೆ?

ಉತ್ತರ: ನಿಮ್ಮ ಮಾರ್ಗದರ್ಶಕರ ಅನುಮಾನ ಸರಿಯಾಗಿಯೇ ಇದೆ. ಆರೋಗ್ಯ ಸಮೀಕ್ಷೆಗಳಿಗೆ ಪ್ರಶ್ನಾವಳಿ ಬರೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳು ನಾನು. ಒಮ್ಮೆ ಹಿರಿಯರೊಬ್ಬರ ಎದುರು ಕುಳಿತು ಇಂಥದೇ ಹಾಳೆ ತುಂಬಿಸುತ್ತಿದ್ದೆ. ಅವರ ಪೆನ್ನು ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಸಾಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕುತ್ತಾ ಇಳಿಯಿತು. ಪ್ರಶ್ನೆ ಓದುವಷ್ಟು ಹೊತ್ತೂ ಎಲ್ಲಿಯೂ ನಿಲ್ಲಲಿಲ್ಲ. ನಾನು ಹಾಳೆ ಮಡಿಸುವಷ್ಟರಲ್ಲಿ ಅವರ ಮೊಬೈಲಿಗೆ ಅದೇ ಸೇವೆಯಿಂದ ಸಂದೇಶ ಬಂತು, ಮಾತ್ರೆ ತೆಗೆದುಕೊಳ್ಳುವ ಹೊತ್ತಿನ ಬಗ್ಗೆ. ಅವರು ಅದನ್ನು ಓದಿದರು, ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಓದಿದರು, ಆಮೇಲೆ ಮಗಳಿಗೆ ಫೋನ್ ಮಾಡಿದರು: ‘ಇದರಲ್ಲಿ ಹೀಗೆ ಬಂದಿದೆ. ಡಾಕ್ಟರು ಬರೆದ ಚೀಟಿ ನೋಡಿ ಹೇಳಮ್ಮ.’

ಅವರು ಸುಳ್ಳು ಹೇಳಿದ್ದರು ಎಂದು ನನಗೆ ಇಂದಿಗೂ ಅನಿಸುವುದಿಲ್ಲ. ಎದುರಿಗೆ ಬಂದು ಕುಳಿತವಳನ್ನು ನಿರಾಸೆಗೊಳಿಸಬಾರದೆಂದು ಹೌದು ಎಂದಿದ್ದರು, ಅಷ್ಟೆ. ಕೇಳಬೇಕಾದದ್ದನ್ನು ಕೇಳದೆ ಹೋದವಳು ನಾನು. ಅವರ ನಂಬಿಕೆಯ ನಿಜವಾದ ಅಳತೆ ಆ ಒಂದು ಫೋನ್ ಕರೆಯಲ್ಲಿತ್ತು. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮೇಯರ್, ಡೇವಿಸ್ ಮತ್ತು ಶೂರ್‌ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ ನಂಬಿಕೆಗೆ ಕೊಟ್ಟ ವಿವರಣೆ ಈಗಲೂ ಕೆಲಸಕ್ಕೆ ಬರುತ್ತದೆ. ಇನ್ನೊಬ್ಬರಿಂದ ತನಗೆ ಪೆಟ್ಟು ಬೀಳಬಹುದೆಂದು ತಿಳಿದೂ, ಅವರ ಮೇಲೆ ನಿಗಾ ಇಡದೆ, ತನ್ನನ್ನು ಅವರ ಕೈಗೆ ಒಪ್ಪಿಸಿಕೊಳ್ಳಲು ಸಿದ್ಧನಿರುವುದು ನಂಬಿಕೆ. ಎದುರಿನವರಲ್ಲಿ ನಾವು ಸಾಮರ್ಥ್ಯ, ಹಿತಚಿಂತನೆ, ಪ್ರಾಮಾಣಿಕತೆ ಈ ಮೂರನ್ನೂ ನೋಡುತ್ತೇವೆ ಎನ್ನುತ್ತಾರೆ ಅವರು. ನಿಮ್ಮ ಸೇವೆಗೆ ಇದನ್ನು ಹಚ್ಚಿ ನೋಡಿ. ಅದು ಕೊಡುವ ಮಾಹಿತಿ ಸರಿ ಎಂದು ನಂಬುವವರೇ, ತಮ್ಮ ಕಾಯಿಲೆಯ ವಿವರ ಅಲ್ಲಿ ಗುಟ್ಟಾಗಿ ಉಳಿಯುತ್ತದೆ ಎಂದು ನಂಬದಿರಬಹುದು. ಎರಡನ್ನೂ ಕೂಡಿಸಿ ಒಂದೇ ಅಂಕ ಕೇಳಿದರೆ ಯಾವುದಕ್ಕೆ ಕೊಟ್ಟ ಅಂಕ ಎಂದು ಹೇಗೆ ತಿಳಿಯುತ್ತೀರಿ?

ಆದ್ದರಿಂದ ನಡೆದದ್ದನ್ನು ಕೇಳಿ. ಕಳೆದ ಬಾರಿ ಬಂದ ಸಲಹೆಯನ್ನು ಪಾಲಿಸಿದಿರಾ? ಪಾಲಿಸುವ ಮೊದಲು ಬೇರೆ ಯಾರನ್ನಾದರೂ ವಿಚಾರಿಸಿದಿರಾ? ಇದು ಹೇಳುವುದೂ ಡಾಕ್ಟರು ಹೇಳಿದ್ದೂ ಬೇರೆಬೇರೆಯಾದರೆ ಏನು ಮಾಡುತ್ತೀರಿ? ಯಾವ ವಿವರವನ್ನು ತುಂಬದೆ ಖಾಲಿ ಬಿಟ್ಟಿದ್ದೀರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ದಯವಿಟ್ಟು ಪೂರ್ತಿ ಬರೆದುಕೊಳ್ಳಿ, ಅಂಕಕ್ಕೆ ಇಳಿಸಬೇಡಿ. ಜೊತೆಗೆ ಒಂದೆರಡು ತಿರುವು ಪ್ರಶ್ನೆಗಳೂ, ಅಂದರೆ ನಂಬದವರು ಮಾತ್ರ ಒಪ್ಪುವಂಥ ವಾಕ್ಯಗಳೂ ಇರಲಿ. ‘ನಂಬುವುದಿಲ್ಲ ಎಂದು ಹೇಳಲಾರೆ’ ಎಂಬಂಥ ಗೋಜಲು ವಾಕ್ಯ ಬೇಡ. ‘ಈ ಸೇವೆ ನನಗೆ ಯಾವುದೋ ಔಷಧ ಮಾರಲು ನೋಡುತ್ತಿದೆ ಎನಿಸುತ್ತದೆ’ ಎಂದು ನೇರವಾಗಿ ಬರೆಯಿರಿ. ಇದಕ್ಕೂ ಐದು, ‘ನಂಬುತ್ತೇನೆ’ ಎಂಬುದಕ್ಕೂ ಐದು ಬಂದರೆ ಆ ಹಾಳೆಯನ್ನು ಓದದೆ ತುಂಬಿರಬಹುದು.

ಇನ್ನೊಂದು ಮಾತು. ನೀವು ಮಾತಾಡಿಸಿದ್ದು ಈಗಲೂ ಬಳಸುತ್ತಿರುವವರನ್ನು ಮಾತ್ರ ಎಂದು ಕಾಣುತ್ತದೆ. ನಂಬಿಕೆ ಕಳೆದುಕೊಂಡವರು ಆ್ಯಪ್ ಅಳಿಸಿ ಹೊರಟುಹೋಗಿರುತ್ತಾರೆ. ಅವರಲ್ಲಿ ಕೆಲವರನ್ನಾದರೂ ಹುಡುಕಿ ಮಾತಾಡಿಸಿ.

ಅಂಕ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಳ್ಳುವ ಹಾಗೂ ಇಲ್ಲ. ಯಂತ್ರಗಳ ಮೇಲಿನ ನಂಬಿಕೆಯ ಬಗ್ಗೆ ಲೀ ಮತ್ತು ಸೀ 2004ರಲ್ಲಿ ಬರೆದರು: ನಂಬಿಕೆ ಆ ಸಾಧನದ ನಿಜವಾದ ಯೋಗ್ಯತೆಗೆ ತಕ್ಕಷ್ಟಿರಬೇಕು. ತಪ್ಪು ಮಾಹಿತಿ ಕೊಡುವ ಸೇವೆಗೆ ಐದಕ್ಕೆ ಐದು ಬಂದರೆ ಅದು ಅಪಾಯದ ಸುದ್ದಿ. ಹಾಗಾಗಿ ಸೇವೆ ಕೊಡುವ ಮಾಹಿತಿಯ ಗುಣಮಟ್ಟವನ್ನೂ ಬೇರೆಯಾಗಿ ಪರೀಕ್ಷಿಸಿ. ಚಿಕಿತ್ಸೆಯ ಆಯ್ಕೆಗಳ ಕುರಿತ ಬರಹಗಳನ್ನು ತೂಗಲು 1999ರಲ್ಲಿ ಪ್ರಕಟವಾದ ‘ಡಿಸ್ಕರ್ನ್’ ಎಂಬ 16 ಪ್ರಶ್ನೆಗಳ ಪಟ್ಟಿ ಇದೆ. ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನಿಮ್ಮ ಅಂಕಕ್ಕೆ ಅರ್ಥ ಬರುತ್ತದೆ.

ಪ್ರಶ್ನೆ: ನಂಬಿಕೆ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದೇನೆ. ಬೇರೆಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ, ಹೆಚ್ಚೆಂದರೆ 1 ಆಗುವ ‘ಕ್ರಾನ್‌ಬ್ಯಾಕ್ ಆಲ್ಫಾ’ ಅಂಕ 0.97 ಬಂದಿದೆ. ಇದು ಒಳ್ಳೆಯದಲ್ಲವೇ?

ಉತ್ತರ: 0.7 ದಾಟಿದರೆ ಸಾಕು ಎನ್ನುವುದು ರೂಢಿ. 0.97 ನೋಡಿದರೆ ಒಂದೇ ಪ್ರಶ್ನೆಯನ್ನು ಬೇರೆಬೇರೆ ಪದಗಳಲ್ಲಿ ಮತ್ತೆ ಮತ್ತೆ ಕೇಳಿದ್ದೀರೇನೋ ಎನಿಸುತ್ತದೆ. ನೀವು ಕಳಿಸಿದ ಹಾಳೆಯಲ್ಲಿ ‘ನಂಬಿಕೆ ಇದೆ’, ‘ವಿಶ್ವಾಸವಿದೆ’, ‘ಭರವಸೆ ಇದೆ’ ಎಂದು ಮೂರು ಸಾಲುಗಳಿವೆ. ಇಂಗ್ಲಿಷ್‌ನಲ್ಲಿ ಅವುಗಳ ನಡುವೆ ಇದ್ದ ವ್ಯತ್ಯಾಸ ಕನ್ನಡದ ಓದುಗರಿಗೆ ಕಾಣಿಸುವುದಿಲ್ಲ. ಮೇಲಾಗಿ ‘ನಂಬಿಕೆ’ ಎಂದೊಡನೆ ಕೆಲವರಿಗೆ ದೇವರು ನೆನಪಾಗುತ್ತಾನೆ. ಮುದ್ರಿಸುವ ಮೊದಲು ಐದಾರು ಬಳಕೆದಾರರ ಜೊತೆ ಕುಳಿತುಕೊಳ್ಳಿ. ಪ್ರತಿ ಸಾಲನ್ನೂ ಅವರೇ ಗಟ್ಟಿಯಾಗಿ ಓದಿ, ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ. ಅವರು ತಡವರಿಸುವ ಸಾಲುಗಳನ್ನು ಅಲ್ಲೇ ತಿದ್ದಿ, ಅವರಿಗೇ ಮತ್ತೆ ಓದಿಸಿ.