‘ಅಂಟು’ ಅನ್ನೋ ಆ ಒಂದು ಪದ

ನಮಸ್ಕಾರ. ಸ್ತನ ಕ್ಯಾನ್ಸರ್ ಹೇಗೆ ಹರಡುತ್ತೆ ಅನ್ನೋ ನಿಮ್ಮ ಲೇಖನ ತಲುಪಿತು. ಭಾಷೆ ಸರಾಗವಾಗಿದೆ. ಅತ್ತೆಯ ಬಯಾಪ್ಸಿ ರಿಪೋರ್ಟ್‌ನಿಂದ ಶುರು ಮಾಡಿದ್ದು ಇಷ್ಟವಾಯಿತು. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು. ರಾತ್ರಿ ಮತ್ತೆ ತೆಗೆದು ಓದಿದೆ, ಸಿಟ್ಟು ಇಳಿಯಲಿಲ್ಲ.

ನೀವು ಬರೆದಿರೋದು ಇದು: ‘ಕೋಶಗಳನ್ನು ಹಿಡಿದಿಟ್ಟ ಅಂಟು ಕರಗುತ್ತದೆ. ಕ್ಯಾನ್ಸರ್ ಕೋಶಗಳು ಬಿಡುಗಡೆಯಾಗಿ ಮೈತುಂಬ ಓಡುತ್ತವೆ.’

‘ಅಂಟು’ ಅಂದರೆ ಓದುವವರಿಗೆ ಗೋಂದು ನೆನಪಾಗುತ್ತೆ. ನೀವು ಅಂಟು ಅಂದಿರೋದು ಇ-ಕ್ಯಾಡ್‌ಹೆರಿನ್‌ಗೆ, ಅದು ಗೋಂದಲ್ಲ. ಕೋಶದ ಪೊರೆಯಿಂದ ಹೊರಗೆ ಚಾಚಿಕೊಂಡ ಪ್ರೋಟೀನ್ ಅದು. ಪಕ್ಕದ ಕೋಶದ ಅಂಥದ್ದೇ ಪ್ರೋಟೀನನ್ನು ಹಿಡಿಯುತ್ತೆ. ಕ್ಯಾಲ್ಸಿಯಂ ಇದ್ದರೆ ಮಾತ್ರ ಹಿಡಿತ, ತೆಗೆದರೆ ಬಿಡುತ್ತೆ. ಜಪಾನಿನ ವಿಜ್ಞಾನಿ ಮಸಾತೋಶಿ ತಾಕೆಇಚಿ ಕ್ಯಾಡ್‌ಹೆರಿನ್‌ಗಳನ್ನು ಪತ್ತೆ ಮಾಡಿದ್ದು ಈ ಗುಟ್ಟಿನ ಬೆನ್ನು ಹತ್ತಿಯೇ. ಕ್ಯಾಡ್‌ಹೆರಿನ್ ಅನ್ನೋ ಹೆಸರಿನ ಮೊದಲ ಅಕ್ಷರಗಳೂ ಕ್ಯಾಲ್ಸಿಯಂನವೇ.

‘ಕರಗುತ್ತದೆ.’ ಎಲ್ಲಾ ಕ್ಯಾನ್ಸರಿನಲ್ಲೂ? ಸ್ತನ ಕ್ಯಾನ್ಸರಿನ ಲೋಬ್ಯುಲರ್ ಅನ್ನೋ ಬಗೆಯಲ್ಲಿ ಇ-ಕ್ಯಾಡ್‌ಹೆರಿನ್ ಸಾಮಾನ್ಯವಾಗಿ ಕಾಣಲ್ಲ, ನಿಜ. ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಒಂದರ ಹಿಂದೊಂದು, ಇರುವೆ ಸಾಲಿನ ಹಾಗೆ ಇರುತ್ತವೆ. ಆದರೆ ಜಾಸ್ತಿ ಜನರಿಗೆ ಬರೋ ಡಕ್ಟಲ್ ಬಗೆ ಎಷ್ಟೋ ಸಲ ಹಿಡಿತ ಉಳಿಸಿಕೊಂಡೇ ಹರಡುತ್ತೆ. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸ್ತನ ಕ್ಯಾನ್ಸರ್ ಇರೋ ಇಲಿಗಳಲ್ಲಿ ಇದನ್ನು ತೋರಿಸಿದರು. ಇ-ಕ್ಯಾಡ್‌ಹೆರಿನ್ ತೆಗೆದಾಗ ಕೋಶಗಳು ಸುತ್ತಲಿನ ಜಾಗಕ್ಕೆ ಜಾಸ್ತಿ ನುಗ್ಗಿದವು. ಆದರೆ ಜಾಸ್ತಿ ಸತ್ತವು ಕೂಡ. ದೂರದ ಅಂಗದಲ್ಲಿ ಬೇರು ಬಿಟ್ಟಿದ್ದು ಕಡಿಮೆ.

ಇನ್ನು ‘ಓಡುತ್ತವೆ’. ಅಡಿಕೆ ಮರ ಹತ್ತುವವರನ್ನು ನೋಡಿದ್ದೀರಲ್ವಾ? ಕೈ ಹಿಡಿದಾಗ ಕಾಲು ಸಡಿಲ, ಕಾಲು ಒತ್ತಿದಾಗ ಕೈ ಮೇಲಕ್ಕೆ. ತೆವಳೋ ಕೋಶದ್ದೂ ಹೀಗೇ. ಇಂಟೆಗ್ರಿನ್ ಅನ್ನೋ ಪ್ರೋಟೀನ್‌ಗಳು ಮುಂದುಗಡೆ, ಕೋಶಗಳ ಸುತ್ತ ಇರೋ ನಾರಿನ ಹಂದರವನ್ನು ಹಿಡಿಯುತ್ತವೆ, ಹಿಂದುಗಡೆ ಬಿಡುತ್ತವೆ. ತೀರಾ ಬಿಗಿಯಾದರೆ ಕೋಶ ಕದಲಲ್ಲ, ತೀರಾ ಸಡಿಲವಾದರೆ ಜಾರುತ್ತೆ. ನಿಮ್ಮ ಲೇಖನದಲ್ಲಿ ಇಂಟೆಗ್ರಿನ್ ಹೆಸರೇ ಇಲ್ಲ.

ಒಂದು ಪದಕ್ಕೆ ಇಷ್ಟು ಯಾಕೆ ಅಂತೀರಾ? ನಾನು ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸತು. ಕ್ಷಯದ ಬಗ್ಗೆ ಬರೆಯುವಾಗ ‘ಶ್ವಾಸಕೋಶ ತಿನ್ನುವ ಹುಳು’ ಅಂತ ಬರೆದೆ. ಸಾಲು ಚೆನ್ನಾಗಿದೆ ಅನ್ನಿಸಿತ್ತು. ಹದಿನೈದು ದಿನಕ್ಕೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮಗನಿಗೆ ಕ್ಷಯ, ಹುಳುವಿನ ಮಾತ್ರೆ ಕೊಟ್ಟರೆ ಸಾಕಾ ಅಂತ ಒಬ್ಬ ತಾಯಿ ಕೇಳಿದ್ದರು. ನಮ್ಮ ಹಿರಿಯ ಸಂಪಾದಕರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ‘ಉತ್ತರ ನೀನೇ ಬರಿ’ ಅಂದರು. ಅವತ್ತು ಆ ಒಂದು ಪುಟಕ್ಕೆ ಸಂಜೆವರೆಗೆ ಕೂತಿದ್ದೆ.

ಈಗ ನಿಮ್ಮ ಮೊದಲ ಪ್ಯಾರಾ ನೋಡಿ. ಅತ್ತೆಯದು ಡಕ್ಟಲ್, ರಿಪೋರ್ಟ್‌ನಲ್ಲಿ ‘ಇ-ಕ್ಯಾಡ್‌ಹೆರಿನ್ ಪಾಸಿಟಿವ್’, ಅಂದರೆ ಆ ಪ್ರೋಟೀನ್ ಇದೆ, ಅಂತ ನೀವೇ ಬರೆದಿದ್ದೀರಿ. ಅವರು ಮೂರನೇ ಪ್ಯಾರಾ ಓದಿದರೆ, ನನ್ನ ಅಂಟು ಗಟ್ಟಿಯಾಗಿದೆ, ಇನ್ನು ಹರಡಲ್ಲ ಅಂತ ಅಂದುಕೊಳ್ಳುತ್ತಾರೆ. ಚೆಕಪ್‌ಗೆ ಹೋಗೋದು ಬಿಟ್ಟರೆ?

ಮೂರನೇ ಪ್ಯಾರಾ ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ನನಗೆ ಕಳಿಸೋ ಮುಂಚೆ ಅತ್ತೆಗೆ ಓದಿ ಹೇಳಿ. ಅವರು ಏನು ಕೇಳಿದರು ಅನ್ನೋದನ್ನೂ ಬರೆದು ಕಳಿಸಿ.