ಕಂಪ್ಯೂಟರಿಗೆ ಹೊಸಬರು ಸಹಾಯ ಕೇಳಿದಾಗ ಹೇಗೆ ಉತ್ತರಿಸಬೇಕು?

ಪರಿಹಾರ ಹೇಳುವ ಮೊದಲು, ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ಕೇಳಿ. ಯಾವ ವಿವರ ಮುಖ್ಯ ಎಂಬುದೇ ಹೊಸಬರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಅವರ ಪ್ರಶ್ನೆ ಅರ್ಧ ಮಾತ್ರ ಇರುತ್ತದೆ.

ಉಡುಪಿಯ ಡಿಟಿಪಿ ಅಂಗಡಿಗೆ ಹೊಸದಾಗಿ ಸೇರಿದವರೊಬ್ಬರು ಯಕ್ಷಗಾನದ ಕರಪತ್ರ ತೆರೆದು "ಕನ್ನಡ ಬರ್ತಾ ಇಲ್ಲ ಮಾರಾಯ್ರೆ" ಎಂದರು ಅನ್ನಿ. ಇದಕ್ಕೆ ಮೂರು ಅರ್ಥವಾದರೂ ಇದೆ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಕಡತ: ಅದೇ ಫಾಂಟ್ ಹಾಕಬೇಕು, ಇಲ್ಲವೇ ಯೂನಿಕೋಡಿಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ವ್ಯವಸ್ಥೆಗೆ) ಬದಲಿಸಬೇಕು. ಖಾಲಿ ಚೌಕ ಕಂಡರೆ ಯೂನಿಕೋಡ್ ಫಾಂಟೇ ಸಿಗುತ್ತಿಲ್ಲ. ಒತ್ತಕ್ಷರ ಮಾತ್ರ ಬಿಡಿಬಿಡಿಯಾಗಿದ್ದರೆ ತಪ್ಪು ಹೆಚ್ಚಾಗಿ ಅಕ್ಷರ ಜೋಡಿಸುವ ತಂತ್ರಾಂಶದ್ದು. ಬರೀ "ಫಾಂಟ್ ಹಾಕಿ" ಎಂದರೆ ಯಾವುದನ್ನು ಹಾಕಿಯಾರು?

ವಿಂಡೋಸ್ 10, 11ರಲ್ಲಿ ವಿಂಡೋಸ್ ಕೀ, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಪರದೆಯ ಚಿತ್ರ ಕಳಿಸಲು ಹೇಳಿ. "ಇಷ್ಟೂ ಗೊತ್ತಿಲ್ವಾ" ಎಂದು ಮಾತ್ರ ಕೇಳಬೇಡಿ, ಮುಂದಿನ ಸಲ ವಿವರ ಮುಚ್ಚಿಡುತ್ತಾರೆ. ಒಂದು ಸಲಕ್ಕೆ ಒಂದೇ ಹೆಜ್ಜೆ ಮಾಡಿಸಿ. ನಾಲ್ಕೈದು ಒಟ್ಟಿಗೆ ಮಾಡಿಸಿದರೆ ಯಾವುದು ಕೆಡಿಸಿತೋ ತಿಳಿಯದು. ಯೂನಿಕೋಡಿಗೆ ಬದಲಿಸುವ ಮೊದಲು ಮೂಲ ಕಡತದ ಪ್ರತಿ ತೆಗೆದಿಡಲಿ, ಬದಲಾಗುವಾಗ ಅರ್ಕಾವತ್ತು ತಪ್ಪುವುದುಂಟು.